ಹಳೇ ಮೋಟರ್‌ಹೋಮಿನ ಟಿಕ್ ಟಿಕ್: ಗೆಳೆಯನಿಗೊಂದು ಪತ್ರ

ಗೆಳೆಯಾ,

ನೀನು ಕಳಿಸಿದ ಆಡಿಯೋ ಕೇಳಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್, ಐದ್ಹತ್ತು ನಿಮಿಷಕ್ಕೆ ಮಾಯ, ಗುಡ್ಡ ಹತ್ತುವಾಗ ಮತ್ತೆ ಹಾಜರ್. ಫೋರ್ಡ್ ಇ-450 ವ್ಯಾನ್ ಚಾಸಿ ಮೇಲೆ ಕಟ್ಟಿದ ಹಳೇ ಮನೆ-ಗಾಡಿ, ಒಳಗೆ 6.8 ಲೀಟರಿನ ವಿ10, ಅಂದರೆ ಹತ್ತು ಸಿಲಿಂಡರಿನ ಇಂಜಿನ್ ಅಂದಮೇಲೆ ಮೊದಲ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೇ, ಅಂದರೆ ಸಿಲಿಂಡರುಗಳ ಹೊಗೆ ಒಟ್ಟುಗೂಡಿಸಿ ಪೈಪಿಗೆ ಕಳಿಸೋ ಭಾಗದ ಮೇಲೆ. ಮ್ಯಾನಿಫೋಲ್ಡ್ ಕಾದು ಹಿಗ್ಗಿದಾಗ ಸಂದು ಬಹುತೇಕ ಮುಚ್ಚಿಕೊಳ್ಳುತ್ತೆ, ಸದ್ದು ಅಡಗುತ್ತೆ. ಸೋರಿಕೆ ಮಾತ್ರ ಅಲ್ಲೇ ಇರುತ್ತೆ.

ಬಿಚ್ಚೋಕೆ ಮುಂಚೆ ಖಾತ್ರಿ ಮಾಡಿಕೋ. ಈ ಇಂಜಿನ್ನಿನ ಹಳೇ ಹೆಡ್‌ಗಳಲ್ಲಿ (ಸಿಲಿಂಡರುಗಳ ಮೇಲೆ ಕೂರೋ ಭಾಗ) ಸ್ಪಾರ್ಕ್ ಪ್ಲಗ್ ಹಿಡಿದಿಡೋ ಥ್ರೆಡ್ ಬಹಳ ಕಮ್ಮಿ. ಪ್ಲಗ್ ಸಡಿಲವಾದರೂ ಇಂಥದ್ದೇ ಸದ್ದು. ಇಂಜಿನ್ ತಣ್ಣಗಿರುವಾಗ ಶಾಪ್ ವ್ಯಾಕ್ಯೂಮಿನ (ವರ್ಕ್‌ಶಾಪಿನ ಧೂಳೆಳೆಯೋ ಯಂತ್ರ) ಊದುವ ಬಾಯನ್ನು ಸೈಲೆನ್ಸರ್ ಪೈಪಿಗೆ ಇಟ್ಟು ಸುತ್ತ ಬಟ್ಟೆ ತುರುಕು. ಮ್ಯಾನಿಫೋಲ್ಡ್ ಅಂಚಿಗೆ ಸೋಪಿನ ನೀರು ಸ್ಪ್ರೇ ಮಾಡು. ಗುಳ್ಳೆ ಎದ್ದ ಕಡೆ ಸೋರಿಕೆ. ಅಲ್ಲೇ ಕಪ್ಪು ಮಸಿಯ ಗೆರೆಯೂ ಕಾಣಬಹುದು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಗಾಡಿಯ ಕಂಪ್ಯೂಟರ್ ತೋರಿಸೋ ಪಿ0171 ಅಥವಾ ಪಿ0174 ಕೋಡ್ ಬಂದಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು: ಹೊಗೆಯ ಎರಡು ತಳ್ಳಿನ ನಡುವೆ ಹೊರಗಿನ ಗಾಳಿ ಒಳಗೆಳೆದುಕೊಂಡು ಆಕ್ಸಿಜನ್ ಸೆನ್ಸರ್ ಮೋಸ ಹೋಗುತ್ತೆ, ಕಂಪ್ಯೂಟರ್ ಸುಮ್ಮನೆ ಪೆಟ್ರೋಲ್ ಸುರಿಯುತ್ತೆ. ಪ್ರಯಾಣಿಕನ ಕಡೆಯ, ಅಂದರೆ ಬಲಗಡೆಯ ಸಿಲಿಂಡರ್ ಸಾಲು ಬ್ಯಾಂಕ್ 1, ಪಿ0171 ಅದರದ್ದು.

ರಿಪೇರಿ ಆಗೋವರೆಗೂ ಇಂಜಿನ್ ಓಡುತ್ತಿರುವಾಗ ಗಾಡಿಯಲ್ಲಿ ಮಲಗಬೇಡ. ಇಂಜಿನ್ ಮುಚ್ಚಳ ಇರೋದೇ ನಿನ್ನ ಮೊಣಕಾಲ ಪಕ್ಕ. ಅದರ ರಬ್ಬರ್ ಹಳತಾಗಿದ್ದರೆ ಕಾರ್ಬನ್ ಮೊನಾಕ್ಸೈಡ್ ನೇರ ಒಳಗೆ ಬರುತ್ತೆ, ಬಣ್ಣವಿಲ್ಲ, ವಾಸನೆಯಿಲ್ಲ. ಡಿಟೆಕ್ಟರಿನ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡು.

ಈಗ ಸಾಮಾನು. ಗ್ಯಾಸ್ಕೆಟ್ (ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನ ಸಂದು ಮುಚ್ಚೋ ತೆಳು ಹಾಳೆ) ಒಂದೊಂದು ಕಡೆಗೆ ಒಂದು. ಸ್ಟಡ್ (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿಯೋ, ತಲೆಯಿಲ್ಲದ ಬೋಲ್ಟ್) ಮತ್ತು ನಟ್ ಒಂದು ಕಡೆಗೆ ಹತ್ತತ್ತು, ಎಂ8, 1.25 ಪಿಚ್, ಅಂದರೆ 8 ಮಿ.ಮೀ. ದಪ್ಪ, ಥ್ರೆಡ್ಡಿನ ಅಂತರ 1.25 ಮಿ.ಮೀ. ಹಳೇ ಸ್ಟಡ್ ಚೆನ್ನಾಗಿ ಕಂಡರೂ ವಾಪಸ್ ಹಾಕಬೇಡ. ಗ್ಯಾಸ್ಕೆಟ್ ಬದಲಿಸೋದು ಒಂದು ಗಂಟೆಯ ಕೆಲಸ ಕಣೋ, ಶನಿವಾರ ಭಾನುವಾರ ಎರಡನ್ನೂ ತಿನ್ನೋದು ಸ್ಟಡ್. ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಎರಕದ ಕಬ್ಬಿಣ, ಸ್ಟಡ್ ಉಕ್ಕು. ಮೂರೂ ಹಿಗ್ಗೋದು ಬೇರೆ ಬೇರೆ ಲೆಕ್ಕದಲ್ಲಿ. ಮಧ್ಯದ ಸ್ಟಡ್‌ಗಳು ಅಷ್ಟಾಗಿ ಅಲುಗೋದಿಲ್ಲ, ತುದಿಯವು ಪ್ರತಿ ಸಲ ಅತ್ತಿತ್ತ ಎಳೆಸಿಕೊಂಡು ದಣಿದು ಮುರಿಯುತ್ತವೆ. ಅದರಲ್ಲೂ ಕೈಗೆ ಎಟುಕದ ಹಿಂದಿನವೇ ಮೊದಲು.

ಎರಡು ಮೂರು ದಿನ ಮುಂಚಿನಿಂದಲೇ ಸಂಜೆ ಸಂಜೆ ನಟ್‌ಗಳಿಗೆ ತುಕ್ಕಿನೊಳಗೆ ಇಳಿಯೋ ಪೆನಿಟ್ರೇಟಿಂಗ್ ಆಯಿಲ್ ಹೊಡಿ. ಬಿಚ್ಚುವ ದಿನ ಇಂಜಿನ್ನಿನದು, ಮನೆಯದು ಎರಡೂ ಬ್ಯಾಟರಿಯ ಮೈನಸ್ ತೆಗಿ, ಅಡುಗೆ ಗ್ಯಾಸ್ ಟ್ಯಾಂಕಿನ ವಾಲ್ವ್ ಮುಚ್ಚು. ಗ್ಯಾಸಿನಲ್ಲಿ ಓಡೋ ಫ್ರಿಜ್ಜಿನ ಉರಿ ಆರಿದೆಯಾ ನೋಡು, ಇದನ್ನು ಎಲ್ಲರೂ ಮರೀತಾರೆ. ಮೇಲಿನಿಂದ ಇಂಜಿನ್ ಮುಚ್ಚಳ, ಪಕ್ಕದಿಂದ ಮುಂದಿನ ಚಕ್ರ ಮತ್ತು ಅದರೊಳಗಿನ ಮಡ್‌ಗಾರ್ಡ್ ಪ್ಲಾಸ್ಟಿಕ್ ತೆಗೆದರೆ ಜಾಗ ಸಿಗುತ್ತೆ. ಆರು ಟನ್ನಿನ ಗಾಡಿ, ಬರೀ ಜ್ಯಾಕ್ ನಂಬಬೇಡ. ಫ್ರೇಮಿನ ಕೆಳಗೆ ಭಾರ ತಡೆಯೋ ಸ್ಟ್ಯಾಂಡ್ ಕೊಡು.

ಆರು ಮೂಲೆಯ ಸಾಕೆಟ್ಟೇ ಬೇಕು, ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟನ್ನು ಸವೆಸಿ ಹಾಕುತ್ತೆ. ನಟ್ ಬಿಗಿಯಾಗಿದ್ದರೆ ಕಾಲು ಸುತ್ತು ಬಿಚ್ಚು, ಮತ್ತೆ ಅದರರ್ಧದಷ್ಟು ಒಳಗೆ, ಎಣ್ಣೆ, ಮತ್ತೆ ಹೊರಗೆ. ಕಿರ್ ಅಂದರೆ ಪರವಾಗಿಲ್ಲ. ಸದ್ದೇ ಇಲ್ಲದೆ ಬೆಣ್ಣೆಯಂತೆ ತಿರುಗತೊಡಗಿದರೆ ನಿಲ್ಲಿಸು, ಸ್ಟಡ್ ತಿರುಚಿಕೊಳ್ತಿದೆ.

ಮುರಿದ ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ಮಿಗ್ ವೆಲ್ಡ್ ಮಾಡಿಸು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟಲ್ಲ, ಆ ಕಾವಿಗೇ ತುಕ್ಕು ಬಿಡುತ್ತೆ. ಕೆಂಪು ಆರಿದ ಮೇಲೆ ಮೆಲ್ಲಗೆ ತಿರುಗಿಸು. ಒಳಗೇ ಮುರಿದಿದ್ದರೆ ನಟ್ಟನಡುವೆ ಪಂಚ್ ಹೊಡೆದು ಎಡಸುತ್ತಿನ ಡ್ರಿಲ್ ಬಿಟ್ ಹಾಕು. ಎಷ್ಟೋ ಸಲ ಬಿಟ್ಟೇ ತುಂಡನ್ನು ಕಿತ್ತು ತರುತ್ತೆ. ಈಜಿ-ಔಟ್ (ಮುರಿದ ತುಂಡಿಗೆ ತೂತು ಕೊರೆದು ತಿರುಗಿಸಿ ಕೀಳೋ ಗಟ್ಟಿ ಉಕ್ಕಿನ ಸಾಧನ) ಮುಟ್ಟಬೇಡ. ಅದು ಒಳಗೆ ಮುರಿದರೆ ಡ್ರಿಲ್ಲೂ ಕಚ್ಚಲ್ಲ, ಆಮೇಲೆ ಹೆಡ್ ಇಳಿಸೋದೇ ಗತಿ.

ಹೆಡ್ಡಿನ ಮುಖಕ್ಕೆ ಪ್ಲಾಸ್ಟಿಕ್ ಸ್ಕ್ರೇಪರ್ ಮಾತ್ರ. ಎಮರಿ ಕಾಗದ ಉಜ್ಜಿದರೆ ಅದರ ಪುಡಿ ಪೋರ್ಟಿಗೆ, ಅಂದರೆ ಹೆಡ್ಡಿನಿಂದ ಹೊಗೆ ಹೊರಬರೋ ತೂತಿಗೆ ಬೀಳಬಾರದು. ಪೋರ್ಟಿಗೆ ತುರುಕಿದ ಬಟ್ಟೆ ಎಣಿಸಿಟ್ಟುಕೋ. ಮ್ಯಾನಿಫೋಲ್ಡ್ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಉಕ್ಕಿನ ಎಲೆಗಳು) ತೂರಿಸು. 0.25 ಮಿ.ಮೀ. ಎಲೆ ನುಸುಳಿದರೆ ಮೆಷಿನ್ ಶಾಪಿಗೆ ಕೊಟ್ಟು ಮುಖ ಸಮ ಮಾಡಿಸು. ಡೊಂಕಿನ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರೆ ಹಾಕಿದ ದುಡ್ಡು ದಂಡ.

ಸ್ಟಡ್ಡಿನ ಹೆಡ್ ಕಡೆಯ ಥ್ರೆಡ್ಡಿಗೆ ತುಸು ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯೋ ಗ್ರೀಸಿನಂಥದ್ದು) ಸವರು. ಗ್ಯಾಸ್ಕೆಟ್ ಒಣಗಿದ್ದೇ ಕೂರಲಿ, ಸಿಲಿಕೋನ್ ಬೇಡ, ಅದು ಆಕ್ಸಿಜನ್ ಸೆನ್ಸರಿಗೆ ವಿಷ. ನಟ್‌ಗಳನ್ನು ಮಧ್ಯದಿಂದ ಶುರುಮಾಡಿ ಅತ್ತ ಒಂದು ಇತ್ತ ಒಂದು, ಮೊದಲ ಸುತ್ತು 12 ನ್ಯೂಟನ್ ಮೀಟರ್, ಎರಡನೆಯದು 25, ಅಂದರೆ 18 ಪೌಂಡ್-ಅಡಿ. ‘ಇನ್ನೊಂದು ಚೂರು ಬಿಗಿ’ ಅನ್ನೋ ನಮ್ಮೂರ ಚಟ ಇಲ್ಲಿ ಬೇಡ.

ಮೊದಲ ಸಲ ಬಯಲಲ್ಲಿ, ಮುಚ್ಚಳ ಹಾಕದೆಯೇ ಸ್ಟಾರ್ಟ್ ಮಾಡು. ಚೆಲ್ಲಿದ ಎಣ್ಣೆ ಉರಿದು ಹೊಗೆ ಬರುತ್ತೆ, ಹೆದರಬೇಡ. ಪೂರ್ತಿ ತಣಿದ ಮೇಲೆ ಮತ್ತೆ ಟಾರ್ಕ್, ಅಂದರೆ ನಟ್‌ಗಳ ಬಿಗಿತ ನೋಡು. ಮಾರನೇ ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಇನ್ನೊಂದು ಆಡಿಯೋ ಕಳಿಸು.

ನಿನ್ನ ಗೆಳೆಯ