ಬೆಳ್ಳಿ ಹೇಳಿದ್ದು ಶ್ರೀಪತಿಗೆ ಕೇಳಿಸಲಿಲ್ಲ

ಪ್ರೀತಿಯ ಗೆಳೆಯಾ,

ಫೋನ್ ಎತ್ತಲಿಲ್ಲ ಅಂತ ಬೈಕೋಬೇಡ ಮಾರಾಯ. ನಾಲ್ಕು ದಿನ ಹಾಸಿಗೆ ಬಿಟ್ಟು ಎದ್ದಿಲ್ಲ. ಹೊಟ್ಟೆ ಕೆಟ್ಟು ಜ್ವರ. ಹನುಮಂತನಗರದ ಈ ಬಾಡಿಗೆ ಮನೆಯ ಸಂಪ್‌ಗೆ ಎಲ್ಲಿಂದಲೋ ಮೋರಿ ನೀರು ಸೇರಿಕೊಂಡಿತ್ತಂತೆ. ಬರೀ ಗಂಜಿ, ಅದು ಬಿಟ್ಟರೆ ಓಆರ್‌ಎಸ್. ಮೊಬೈಲ್ ನೋಡಿದರೆ ತಲೆ ಸುತ್ತು. ಹಾಗಾಗಿ ಕೈಗೆ ಸಿಕ್ಕಿದ್ದು ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನೀನೇ ಚೌಕಾಸಿ ಮಾಡಿ ಕೊಡಿಸಿದ್ದೆಯಲ್ಲ, ಅದೇ ಪ್ರತಿ.

ಹೋದ ತಿಂಗಳಷ್ಟೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮುಗಿಸಿದ್ದೆ. ಅದರ ಶುರುವಿನ ಮಾತು ನಿನಗೆ ಬಾಯಿಪಾಠ: ‘ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ; ಯಾವುದೂ ಯಃಕಶ್ಚಿತವಲ್ಲ!’ ಆ ಮಾತು ತಲೆಯಲ್ಲಿ ಕೂತಿರುವಾಗಲೇ ‘ಸಂಸ್ಕಾರ’ ತೆಗೆದೆ ನೋಡು, ಪುಸ್ತಕವೇ ಬೇರೆಯಾಗಿ ಕಂಡಿತು. (ಅದರಲ್ಲೇ ಮುಂದೆ ‘ನೀರೆಲ್ಲ ಊ ತೀರ್ಥ’ ಅಂತಲೂ ಇದೆ. ಕುವೆಂಪು ನಮ್ಮ ಸಂಪ್ ನೋಡಿರಲಿಲ್ಲ.)

ಕಾಲೇಜಿನಲ್ಲಿ ನಾವಿಬ್ಬರೂ ಓದಿದ್ದು ಪ್ರಾಣೇಶಾಚಾರ್ಯರ ಕಥೆ ಅಂತ ತಾನೆ? ದೂರ್ವಾಸಪುರದ ಅಗ್ರಹಾರ, ಬ್ರಾಹ್ಮಣ್ಯ ಬಿಟ್ಟು ಬದುಕಿದ ನಾರಣಪ್ಪನ ಹೆಣ, ಅದಕ್ಕೆ ಯಾರು ಬೆಂಕಿ ಕೊಡಬೇಕು ಅನ್ನೋ ಪ್ರಶ್ನೆ. ಆಚಾರ್ಯರು ಗ್ರಂಥ ತಿರುವಿ ಹಾಕುತ್ತಾರೆ, ಉತ್ತರ ಸಿಗದೆ ಮಾರುತಿ ಗುಡಿಗೆ ಹೋಗಿ ಕಾಯುತ್ತಾರೆ. ಮಾರುತಿಯೂ ಸುಮ್ಮನಿರುತ್ತಾನೆ. ಅವರ ಜತೆ ನಾವೂ ಒದ್ದಾಡುತ್ತೇವೆ.

ಈ ಸಲ ನನ್ನ ಕಣ್ಣು ನಿಂತಿದ್ದು ನಾರಣಪ್ಪನ ಜತೆ ಬಾಳಿದ ಚಂದ್ರಿಯ ಹತ್ತಿರ. ಅಷ್ಟು ಜನ ತಲೆ ಕೆಡಿಸಿಕೊಂಡ ಆ ಪ್ರಶ್ನೆಯನ್ನು ಅವಳು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತಾಳೆ. ಗಾಡಿ ಹೊಡೆಯೋ ಶೇಷಪ್ಪ ಹೆದರಿ ಹಿಂದೆ ಸರಿಯುತ್ತಾನೆ. ಆಮೇಲೆ ಮೀನಿನ ವ್ಯಾಪಾರದ ಅಹಮದ್ ಬ್ಯಾರಿ ಹತ್ತಿರ ಹೋಗುತ್ತಾಳೆ. ಯಾವ ಕಾಲದಲ್ಲೋ ನಾರಣಪ್ಪ ಅವನ ಕಷ್ಟಕ್ಕೆ ದುಡ್ಡು ಕೊಟ್ಟಿದ್ದ. ಬ್ಯಾರಿ ಗಾಡಿ ತರುತ್ತಾನೆ, ಸೌದೆ ತರುತ್ತಾನೆ, ಸುಟ್ಟು ಹೊರಟುಹೋಗುತ್ತಾನೆ. ಚಂದ್ರಿ ಅತ್ತು, ಗಂಟು ಕಟ್ಟಿಕೊಂಡು ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಷ್ಟೇ. ಪುಸ್ತಕದ ಹೆಸರಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಪುಸ್ತಕ ಇನ್ನೂ ಅರ್ಧ ಬಾಕಿ ಇದೆ! ಆಚಾರ್ಯರು ಮೇಳಿಗೆ ಜಾತ್ರೆಯಲ್ಲಿ, ದಾರಿಯಲ್ಲಿ ಜತೆಯಾದ ಪುಟ್ಟನ ಹಿಂದೆ ಸುತ್ತುವಾಗಲೂ, ಕೊನೆಗೆ ಗಾಡಿ ಹತ್ತುವಾಗಲೂ ಹೆಣ ಬೂದಿಯಾದ ಸುದ್ದಿ ಅವರಿಗೆ ಗೊತ್ತೇ ಇಲ್ಲ. ನಮಗೆ ಗೊತ್ತು. ಗೊತ್ತಿದ್ದೂ ಮರೆತು ಅವರ ಹಿಂದೆಯೇ ಹೋಗುತ್ತೇವೆ. ಮೂರು ಸಲ ಓದಿದ್ದೇನೆ ಅಂತ ಜಂಬ ಬೇರೆ ನನಗೆ. ಆ ಬ್ಯಾರಿಯ ಹೆಸರೇನು ಅಂತ ಯಾರಾದರೂ ಕೇಳಿದ್ದರೆ ಹೇಳೋಕೆ ಆಗುತ್ತಿರಲಿಲ್ಲ.

ಇನ್ನೊಂದು ಜಾಗ ಹೇಳುತ್ತೇನೆ, ಇದು ನನ್ನ ನಿದ್ದೆ ಕೆಡಿಸಿದ್ದು. ಅಗ್ರಹಾರದ ಶ್ರೀಪತಿ ಗುಟ್ಟಾಗಿ ಹೊಲೆಗೇರಿಯ ಬೆಳ್ಳಿಯ ಹತ್ತಿರ ಬರುತ್ತಾನೆ. ಅವಳು ಹೇಳುತ್ತಾಳೆ: ಕೇರಿಗೆ ಇಲಿಗಳು ಬರುತ್ತಿವೆ, ಜನ ಸತ್ತರು, ಗುಡಿಸಲ ಸಮೇತ ಸುಟ್ಟರು, ನಮ್ಮ ಅಪ್ಪ ಅಮ್ಮನಿಗೂ ಜ್ವರ. ಪ್ಲೇಗಿನ ಪೂರ್ತಿ ಸುದ್ದಿ ಅದು. ಅಗ್ರಹಾರದ ಬ್ರಾಹ್ಮಣರಿಗೆ ಅದಿನ್ನೂ ಹೊಳೆದಿಲ್ಲ. ಶ್ರೀಪತಿಗೋ ಬೇಸರ, ಇವಳು ಬಾಯಿ ಬಿಟ್ಟರೆ ಇದೇ ಅಂತ. ಅವನಿಗೆ ಬೆಳ್ಳಿ ಬೇಕು, ಬೆಳ್ಳಿಯ ಮಾತು ಬೇಡ.

ಕುವೆಂಪು ಆಗಿದ್ದರೆ ಅವಳ ಬೆನ್ನಿಗೇ ಆ ಗುಡಿಸಲಿಗೆ ಹೋಗುತ್ತಿದ್ದರು. ಹೊಲೆಯಾಳು ಗುತ್ತಿಯಿಂದಲೇ ಅಷ್ಟು ದೊಡ್ಡ ಕಾದಂಬರಿ ಶುರು ಮಾಡಿದವರು ಅವರು. ಅವನ ನಾಯಿ, ಹುಲಿಯ ಅಂತ ಹೆಸರು, ತುಂಗೆಯ ನೆರೆಯಲ್ಲಿ ಕೊಚ್ಚಿಹೋದಾಗ ನಾನು ಮೆಟ್ರೋದಲ್ಲಿ ಕೂತು ಕಣ್ಣು ಒರೆಸಿಕೊಂಡಿದ್ದೆ, ಪಕ್ಕದವರು ಏನಾಯ್ತು ಸಾರ್ ಅಂದಿದ್ದರು. ಅದೇ ಇಲ್ಲಿ, ಒಬ್ಬ ಮನುಷ್ಯನ ಹೆಣ ಊರ ನಡುವೆ ಕೊಳೆಯುತ್ತಿದ್ದರೂ ಅಳುವವಳು ಒಬ್ಬಳೇ. ಕುವೆಂಪು, ಅನಂತಮೂರ್ತಿ ಇಬ್ಬರೂ ತೀರ್ಥಹಳ್ಳಿ ಕಡೆಯವರೇ ಅಲ್ವಾ, ಇಬ್ಬರಿಗೂ ಅದೇ ತುಂಗೆ. ‘ಸಂಸ್ಕಾರ’ ಬಂದದ್ದು 1965ರಲ್ಲಿ, ‘ಮದುಮಗಳು’ 1967ರಲ್ಲಿ. ಬರೀ ಎರಡು ವರ್ಷದ ಅಂತರ.

ಹಾಗಂತ ಅನಂತಮೂರ್ತಿ ಬೆಳ್ಳಿಯನ್ನು ಕಡೆಗಣಿಸಿದರು ಅಂತ ನಾನು ಹೇಳೋಲ್ಲ. ನೀನು ಹಾಗೆ ವಾದ ಮಾಡುತ್ತಿದ್ದೆ, ನೆನಪಿದೆ. ನನಗೆ ಈಗ ಅನಿಸೋದು ಅವರು ಬೇಕಂತಲೇ ಅವಳ ಮಾತನ್ನು ಶ್ರೀಪತಿಯ ಕಿವಿಗೆ ಹಾಕಿದ್ದಾರೆ ಅಂತ. ಆ ಕಿವಿಯಲ್ಲೇ ಕೇಳಿದ ನಮಗೂ ಅದು ಬರೀ ಗೊಣಗಾಟ. ಕುವೆಂಪು ಹಾಗೆ ನಮ್ಮನ್ನು ಸಿಕ್ಕಿಹಾಕಿಸೋಲ್ಲ, ಅವರ ಕಾಡಿನಲ್ಲಿ ಎಲ್ಲರಿಗೂ ಜಾಗ ಇದೆ. ‘ಸಂಸ್ಕಾರ’ದಲ್ಲಿ ಉಸಿರು ಕಟ್ಟುತ್ತದೆ. ಅಗ್ರಹಾರ ಅಂದರೆ ಉಸಿರು ಕಟ್ಟಲೇಬೇಕಲ್ಲ.

ನಿದ್ದೆ ಕೆಟ್ಟಿದ್ದು ಯಾಕೆ ಅಂದರೆ, ಮನೆಗೆಲಸದ ಅಕ್ಕ ಹೋದ ಸೋಮವಾರವೇ ಹೇಳಿದ್ದರು: ‘ಅಣ್ಣಾ, ನಲ್ಲಿ ನೀರು ಒಂಥರಾ ವಾಸ್ನೆ ಬತ್ತಾ ಐತೆ.’ ನಾನು ಇಯರ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ಒಂದು ಕಿವಿಯದು ಮಾತ್ರ ತೆಗೆದು, ‘ಆಯ್ತಕ್ಕಾ, ಓನರಿಗೆ ಹೇಳ್ತೀನಿ’ ಅಂದೆ. ಹೇಳಲಿಲ್ಲ. ಗುರುವಾರ ಮಲಗಿದೆ. ಜ್ವರದಲ್ಲಿ ಬೆಳ್ಳಿಯ ಪುಟ ಬಂದಾಗ ಪುಸ್ತಕ ಎದೆ ಮೇಲೆ ಮಗುಚಿಟ್ಟು ಸುಮ್ನೆ ಫ್ಯಾನ್ ನೋಡುತ್ತಾ ಇದ್ದೆ.

ಈಗ ಸಂಪ್ ತೊಳೆಸಿಯಾಯಿತು. ಕುಡಿಯೋಕೆ ಕ್ಯಾನ್ ನೀರು. ಇವತ್ತು ಬೆಳಿಗ್ಗೆ ಅಕ್ಕ ಬಂದವರೇ ನಲ್ಲಿ ತಿರುಗಿಸಿ, ಮಗ್ಗಿನಲ್ಲಿ ನೀರು ಹಿಡಿದು ಮೂಗಿನ ಹತ್ತಿರ ತಂದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ‘ಈಗ ಪರ್ವಾಗಿಲ್ಲ’ ಅಂದು ಪಾತ್ರೆಗೆ ಕೈ ಹಾಕಿದರು.

ನನ್ನ ‘ಮದುಮಗಳು’ ನಿನ್ನ ತಮ್ಮ ತೆಗೆದುಕೊಂಡು ಹೋಗಿದ್ದಾನೆ. ಬರುವಾಗ ಮರೆಯದೆ ತಾ. ಹುಲಿಯನ ಪುಟದ ಮೂಲೆ ಮಡಚಿದ್ದರೆ ಅವನಿಗೆ ಇದೆ.

ನಿನ್ನವ