ಹಿಡಿಂಬೆಯ ಪರವಾಗಿ ಎರಡು ಮಾತು

ಈ ಸಲದ ಸಂಪಾದಕೀಯಕ್ಕೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಹೋದ ಭಾನುವಾರ ಕನ್ನಡ ತರಗತಿಯಲ್ಲಿ ಎಂಟು ವರ್ಷದ ಪೋರಿಯೊಬ್ಬಳು ಎಲ್ಲ ತಲೆಕೆಳಗು ಮಾಡಿದಳು. ರಾಜ್ಯೋತ್ಸವದ ನಾಟಕಕ್ಕೆಂದು ಹಿಡಿಂಬೆಯ ಕಥೆ ಹೇಳುತ್ತಿದ್ದೆ. ರಾಕ್ಷಸಿ ಚೆಂದದ ಹೆಣ್ಣಾಗಿ ಭೀಮನೆದುರು ಬಂದು ನಿಂತಳು ಅನ್ನುತ್ತಿದ್ದ ಹಾಗೇ, "ಆಂಟಿ, ಹಳೇ ಚರ್ಮ ಎಲ್ಲಿ ಇಟ್ಟಳು?" ಅಂದಳು.

ಪ್ರಶ್ನೆ ಎಲ್ಲಿಂದ ಬಂತು ಅಂತ ಸ್ಕಾಟ್ಲೆಂಡಿನ ಶಾಲೆಗೆ ಮಕ್ಕಳನ್ನು ಕಳಿಸುವ ನಿಮಗೆ ಗೊತ್ತು. ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳ ಸೆಲ್ಕಿ ಕಥೆ. ಸೀಲ್ ದಡಕ್ಕೆ ಬಂದು ಚರ್ಮ ಕಳಚಿದರೆ ಹೆಣ್ಣು. ಯಾವನೋ ಆ ಚರ್ಮ ಕದ್ದು ಬಚ್ಚಿಡುತ್ತಾನೆ, ಬೇರೆ ಗತಿಯಿಲ್ಲದೆ ಅವಳು ಅವನ ಮನೆ ಸೇರುತ್ತಾಳೆ. ವರ್ಷಗಟ್ಟಲೆ ಸಂಸಾರ ಮಾಡಿದ ಮೇಲೆ ಒಂದು ದಿನ ಚರ್ಮ ಕೈಗೆ ಸಿಗುತ್ತದೆ. ಮಕ್ಕಳನ್ನೂ ಬಿಟ್ಟು ಸಮುದ್ರಕ್ಕೆ ಇಳಿಯುತ್ತಾಳೆ. ಜಪಾನಿನಲ್ಲಿ ನರಿ ಹೆಂಡತಿ. ಒಂಬತ್ತನೇ ಶತಮಾನದ ಬೌದ್ಧ ಕಥೆಗಳಲ್ಲೇ ಇದ್ದಾಳೆ: ನಾಯಿ ಮೈಮೇಲೆ ಬಂದಾಗ ಬೆದರಿ ನರಿಯಾಗಿ ಬೇಲಿ ಹತ್ತುತ್ತಾಳೆ. ಮಗು ಆಗಿದೆಯಲ್ಲ, ಬಂದು ಹೋಗುತ್ತಿರು ಅನ್ನುತ್ತಾನೆ ಗಂಡ. (ಒಳ್ಳೇ ಗಂಡ.) ಅಮೆಜಾನ್ ನದಿಯ ಗುಲಾಬಿ ಡಾಲ್ಫಿನ್ ಜೂನ್ ಹಬ್ಬದ ರಾತ್ರಿ ಗಂಡಸಾಗಿ ಕುಣಿಯೋಕೆ ಬರುತ್ತದಂತೆ. ನೆತ್ತಿಯ ಉಸಿರುತೂತು ಕಾಣಬಾರದೆಂದು ಟೋಪಿ ಮಾತ್ರ ತೆಗೆಯುವುದಿಲ್ಲವಂತೆ.

ಎಲ್ಲ ಕಡೆ ಮುಚ್ಚಿಡುವ ವ್ಯವಹಾರ. ನಮ್ಮ ಮಾರೀಚನೂ ಅದೇ ಜಾತಿ. ಹಿಡಿಂಬೆ ಹಾಗಲ್ಲ. ರೂಪ ಬದಲಿಸಿ ಬಂದವಳು, ತಾನು ರಾಕ್ಷಸಿ, ನಿಮ್ಮನ್ನು ಕೊಂದು ತರಲು ಅಣ್ಣ ಕಳಿಸಿದ್ದಾನೆ ಅಂತ ಭೀಮನಿಗೆ ತಾನಾಗಿ ಹೇಳಿದಳು. ಅಣ್ಣ ಸತ್ತ ಮೇಲೆ ಕುಂತಿಯ ಮುಂದೆ ಕೈಮುಗಿದು ನಿಂತಳು. ಹಗಲು ಕರೆದುಕೊಂಡು ಹೋಗು, ಕತ್ತಲಾಗುವಷ್ಟರಲ್ಲಿ ತಂದು ಬಿಡು ಅಂತ ಧರ್ಮರಾಯ ಕರಾರು ಹಾಕಿದ, ಅದಕ್ಕೂ ಒಪ್ಪಿದಳು. ಬಚ್ಚಿಡೋಕೆ ಅವಳ ಹತ್ತಿರ ಏನೂ ಇರಲಿಲ್ಲ ಮರಿ, ಅಂದೆ ಪೋರಿಗೆ.

ನಾನು ಚಿತ್ರದುರ್ಗದವಳು, ಪಕ್ಷಪಾತ ಇದ್ದದ್ದೇ. ಕೋಟೆ ಮೇಲಿನ ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸುತ್ತಾರಲ್ಲ, ಅದನ್ನು ನೋಡಿ ಬೆಳೆದವರು ನಾವು. ಆದರೆ ಹಿಡಿಂಬೆ ಅಂದರೆ ನನಗೆ ನೆನಪಾಗುವುದು ಬುರುಜನಹಟ್ಟಿಗೆ ಬರುತ್ತಿದ್ದ ಹಗಲುವೇಷದವರು. ಸುಗ್ಗಿ ಮುಗಿದ ಮೇಲೆ ಬಂದು ಬೀಡು ಬಿಡೋರು. ದಿನಕ್ಕೊಂದು ವೇಷ. ರಂಗಸ್ಥಳ ಇಲ್ಲ, ಪರದೆ ಇಲ್ಲ, ಸುಡುಬಿಸಿಲಲ್ಲಿ ಬೀದಿ ಮೇಲೇ ಹಾರ್ಮೋನಿಯಂ, ತಬಲ, ತಾಳ. ಹೆಣ್ಣುವೇಷವೂ ಗಂಡಸರದ್ದೇ. ಒಮ್ಮೆ ಹಿಡಿಂಬೆ ಕಟ್ಟಿದಾತ ನಮ್ಮ ಮನೆ ಕಟ್ಟೆ ಮೇಲೆ ಕೂತು ಮಜ್ಜಿಗೆ ಕೇಳಿದ. ಬೆವರಿಗೆ ಬಣ್ಣ ಗೆರೆಗೆರೆಯಾಗಿ ಇಳಿದು ಅಡಿಯ ಕುರುಚಲು ಗಡ್ಡ ಕಾಣುತ್ತಿತ್ತು. ಕೋರೆಹಲ್ಲು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು ಗಟಗಟ ಕುಡಿದ. ನಾನು ಅಜ್ಜಿಯ ಸೆರಗಿನ ಹಿಂದೆ. ಕಡೇ ದಿನ ಕಾಳುಕಡ್ಡಿ ಕೇಳಲು ಬಿಳಿ ಅಂಗಿ, ಪಂಚೆಯಲ್ಲಿ ಬಂದಾಗ ಗುರುತೇ ಸಿಗಲಿಲ್ಲ.

"ಮಜ್ಜಿಗೆ ಕುಡಿದ ಹಿಡಿಂಬಿ ನಾನೇ ಕಣವ್ವ."

"ಹಲ್ಲು ತೋರ್ಸು ಮತ್ತೆ," ಅಂದೆ.

ಜೋಳಿಗೆಗೆ ಕೈ ಹಾಕಿ ತೆಗೆದು ತೋರಿಸಿದ. ಅಜ್ಜಿ ಇನ್ನೊಂದು ಸೇರು ಜೋಳ ಹೆಚ್ಚಿಗೆ ಸುರಿದಳು.

ಜಾಗ ಮುಗೀತಾ ಬಂತು, ಬೆಳಿಗ್ಗೆ ಇದು ಪ್ರಿಂಟಿಗೆ ಹೋಗಬೇಕು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 2ಕ್ಕೆ, ಎಂದಿನ ಸಭಾಂಗಣದಲ್ಲಿ. ಊಟಕ್ಕೆ ಎಷ್ಟು ಜನ ಅಂತ ಅಕ್ಟೋಬರ್ ಮುಗಿಯುವುದರೊಳಗೆ ತಿಳಿಸಿ. ಹೋದ ವರ್ಷ ಬಿಸಿಬೇಳೆಬಾತಿಗೆ ನಡೆದ ನೂಕುನುಗ್ಗಲು ಇನ್ನೂ ಮರೆತಿಲ್ಲ. ನಾಟಕದ ಪ್ರಾಕ್ಟೀಸ್ ಭಾನುವಾರ ತರಗತಿ ಬಿಟ್ಟ ಮೇಲೆ. ಸದಸ್ಯತ್ವದ ಬಾಕಿ ಇರುವವರನ್ನು ಖಜಾಂಚಿಯವರು ಹುಡುಕುತ್ತಿದ್ದಾರೆ. ಗ್ರಂಥಾಲಯದ ಪುಸ್ತಕಗಳೂ ವಾಪಸ್ ಬರಲಿ.

ಇನ್ನೊಂದು. ನಮ್ಮ ಹಾರ್ಮೋನಿಯಂ ಅಣ್ಣ ಈ ತಿಂಗಳ ಕೊನೆಗೆ ಸಂಸಾರ ಸಮೇತ ದಾವಣಗೆರೆಗೆ ಮರಳುತ್ತಿದ್ದಾರೆ. ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿ ಫೋಟೋ ಕಳಿಸಿ ಹೊಟ್ಟೆ ಉರಿಸಬೇಡಿ ಅಂತ ಈಗಲೇ ಹೇಳಿಟ್ಟಿದ್ದೇವೆ. ಪೆಟ್ಟಿಗೆಯನ್ನು ಸಂಘಕ್ಕೇ ಕೊಟ್ಟು ಹೋಗುತ್ತಿದ್ದಾರೆ, ನುಡಿಸುವವರು ಬೇಕು. ಹಿಡಿಂಬೆ ಆ ಪೋರಿಯೇ. ಭೀಮ ಇನ್ನೂ ಸಿಕ್ಕಿಲ್ಲ. ಈ ಪತ್ರಿಕೆಯ ಪುಟ ಕಟ್ಟುವುದಕ್ಕೂ ಯಾರಾದರೂ ಒಬ್ಬರು ಬನ್ನಿ, ಒಬ್ಬಳ ಕೈಲಿ ಆಗುತ್ತಿಲ್ಲ. ಕನ್ನಡ ಟೈಪಿಂಗ್ ಬಂದರೆ ಸಾಕು, ಉಳಿದದ್ದು ನಾನು ಹೇಳಿಕೊಡುತ್ತೇನೆ.