ಶಾಸಕರೇ, ಆ ಪದ ಜೋರಾಗಿ ಓದಿಸಿದ್ದು ನೀವೇ ಅಲ್ವಾ?

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕಳೆದ ಸೆಪ್ಟೆಂಬರ್ 15ರಂದು ತಾಲ್ಲೂಕು ಮೈದಾನದಲ್ಲಿ ನೀವು ನಮ್ಮೆಲ್ಲರಿಂದ ಸಂವಿಧಾನದ ಪೀಠಿಕೆ ಓದಿಸಿದಿರಿ. ಮುಂದೆ ಶಾಲೆ ಮಕ್ಕಳು, ಅವರ ಹಿಂದೆ ಅಂಗನವಾಡಿಯವರು, ಕೊನೇ ಸಾಲಿನಲ್ಲಿ ನಾನು. ‘ಸಮಾಜವಾದಿ’ ಅನ್ನೋ ಪದ ಬಂದಾಗ ನಿಲ್ಲಿಸಿ, "ಇದು ನಮ್ಮ ಮಲೆನಾಡಿನ ಪದ, ಸ್ವಲ್ಪ ಜೋರಾಗಿ" ಅಂದಿರಿ. ಜೋರಾಗಿಯೇ ಓದಿದೆವು.

ಮುಕ್ಕಾಲು ಗಂಟೆ ಕಳೆದಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ ನೀವು ಕಾರಿನಲ್ಲಿ ಕೂತಿದ್ದಿರಿ. ನಾನು ಪ್ಲಾಸ್ಟಿಕ್ ಕವರ್ ಹಿಡಿದು ಹತ್ತಿರ ಬಂದೆ. ಅರ್ಧ ಇಳಿಸಿದ ಗಾಜಿನಿಂದ ನೀವು ಹೇಳಿದ್ದು: "ಕೇಳಿದವರಿಗೆಲ್ಲ ಜಮೀನು ಹಂಚೋಕೆ ಇದೇನು ಸಮಾಜವಾದವೇನ್ರೀ?" ಪಕ್ಕದವರು ನಕ್ಕರು. ಗಾಜು ಮೇಲೆ ಹೋಯ್ತು.

ನೀವು ನೋಡದ ಆ ಕವರ್‌ನಲ್ಲಿ ಏನಿತ್ತು ಅಂತ ಇಲ್ಲಿ ಹೇಳಿಬಿಡುತ್ತೇನೆ. 1999ರಲ್ಲಿ ನಮ್ಮಪ್ಪ, ಉಳುತ್ತಿದ್ದ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅಂತ ಫಾರಂ 53 ಹಾಕಿದ್ದಕ್ಕೆ ಕೊಟ್ಟ ಚೀಟಿ. ಬಗರ್ ಹುಕುಂ ಸಾಗುವಳಿ, ಒಂದು ಎಕರೆ ಹನ್ನೊಂದು ಗುಂಟೆ. ಹಾಗೆ ಉತ್ತಿದ್ದಕ್ಕೆ ಟಿಟಿ ದಂಡ ಕಟ್ಟಿದ ರಸೀದಿಗಳು. ಒಂದಕ್ಕೆ ಗೆದ್ದಲು ಹಿಡಿದು ಸಹಿ ಅರ್ಧ ಹೋಗಿದೆ. 2011ರ ಅಪ್ಪನ ಮರಣ ಪತ್ರ. ವಂಶವೃಕ್ಷ ಮೂರು, ಯಾಕೆಂದರೆ ಹೊಸ ಗುಮಾಸ್ತರು ಬಂದಾಗಲೆಲ್ಲ ಹಳೇದು ನಡೆಯಲ್ಲ ಅಂತಾರೆ. ಸರ್ವೆ ಎರಡು ಸಲ ಆಗಿದೆ, ಎರಡು ಸಲವೂ ಸರ್ವೆಯವರಿಗೆ ಅಮ್ಮ ಊಟ ಬಡಿಸಿದ್ದಾಳೆ. 2014ರಲ್ಲಿ ಕಡತ ಸಿಗಲಿಲ್ಲ. 2019ರಲ್ಲಿ ಸಿಕ್ಕಿತು. ಈಗ ಮತ್ತೆ ಸಿಗ್ತಿಲ್ಲ. ಕೇಳಿದರೆ ಒಂದೇ ಉತ್ತರ: "ಸಮಿತಿ ಸಭೆ ಆದಾಗ ನೋಡೋಣ."

ಆ ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ನೀವು. ತಹಶೀಲ್ದಾರರು ಕಾರ್ಯದರ್ಶಿ. ನಿಯಮ ನಿಮಗೆ ನಾನು ಹೇಳಿಕೊಡಬೇಕಾ? ಸಭೆ ಕರೆಯಿರಿ.

ಇನ್ನು ಆ ಪದದ ವಿಚಾರ. ನನ್ನದು ಎಸ್ಸೆಸ್ಸೆಲ್ಸಿವರೆಗಿನ ಓದು. ನಮ್ಮ ಮನೆಗೆ ಆ ಪದ ಬಂದಿದ್ದು ಕೊಳಗದ ಜೊತೆ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನ ಗೇಣಿದಾರರು ಎದ್ದು ನಿಂತರಲ್ಲ, ಗೇಣಿ ಭತ್ತ ಅಳೆಯೋಕೆ ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು ಅಂತ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಅವರದೇ ಪಕ್ಷದ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಅರೆಸ್ಟಾದರು. ಲೋಹಿಯಾ ಮಾತಾಡೋ ಭಾಷೆ ನಮ್ಮಜ್ಜನಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೂ "ಸೋಷಲಿಸ್ಟರು ಅಂದ್ರೆ ಯಾರಜ್ಜಾ" ಅಂದರೆ, ಅಡಿಕೆ ಸುಲಿಯುತ್ತಾ ತಲೆ ಎತ್ತದೆ ಹೇಳುತ್ತಿದ್ದ: "ಒಂದೇ ಕೊಳಗದೋರು."

ಈಗ ಆ ಪದ ಬೈಗುಳ ಆಗಿದೆ. ದುಡಿದವನದ್ದು ಕಿತ್ತು ಸೋಮಾರಿಗೆ ಕೊಡೋದು ಅಂತ ಅರ್ಥವಂತೆ. ನಿಮ್ಮ ಹುಡುಗರ ವಾಟ್ಸಾಪ್ ನೋಡಿದರೆ ಸಾಕು. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ ತುರುಕಿದ್ದು, ಲೆಕ್ಕಕ್ಕಿಲ್ಲ ಅಂತಲೂ ಬರೆಯುತ್ತಾರೆ. ಸೇರಿಸಿದ್ದು ಆಗಲೇ, ನಿಜ. ಆದರೆ 1948ರಲ್ಲೇ ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅದನ್ನು ಸೇರಿಸಿ ಅಂದಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಮುಂದಿನವರು ಹೇಗೆ ಬಾಳಬೇಕು ಅಂತ ನಾವೇ ಕಟ್ಟಿಹಾಕೋದು ಬೇಡ ಅಂದರು. ಅದರ ಹುರುಳು ನಿರ್ದೇಶಕ ತತ್ವಗಳಲ್ಲಿ ಆಗಲೇ ಇದೆ ಅಂತಲೂ ಅಂದರು. ಪದ ತೆಗೆಯಿರಿ ಅಂತ ಹೋದವರ ಅರ್ಜಿಯನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಇದರಿಂದ ಖಾಸಗಿ ವ್ಯಾಪಾರಕ್ಕೆ ಅಡ್ಡಿಯಿಲ್ಲ, ಇದು ಕಲ್ಯಾಣ ರಾಜ್ಯದ, ಸಮಾನ ಅವಕಾಶದ ಮಾತು ಅಂದಿತು. ಅಜ್ಜ ಇದ್ದಿದ್ದರೆ ಇದರಲ್ಲಿ ಹೊಸದೇನು ಅಂತಿದ್ದ.

ಇನ್ನೊಂದು ತಮಾಷೆ. ಚುನಾವಣಾ ಆಯೋಗದಲ್ಲಿ ನೋಂದಣಿ ಆಗಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಇದೆ ಅಂತ ಪಕ್ಷ ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ. ನಿಮ್ಮ ಪಕ್ಷವೂ ಬರೆದಿರಲೇಬೇಕು. ಕಾರಿನಲ್ಲಿ ನಕ್ಕವರಿಗೂ ಇದನ್ನು ತಿಳಿಸಿ.

ನಮ್ಮ ಗುಡ್ಡದ ಆಚೆ ಬೆಂಗಳೂರಿನವರೊಬ್ಬರು ಹೋಂಸ್ಟೇಗೆ ಆರು ಎಕರೆ ಕೊಂಡರು. ಕೃಷಿಕರಲ್ಲದವರು, ಬೇರೆ ಆದಾಯ ಹೆಚ್ಚಿದ್ದವರು ಸಾಗುವಳಿ ಜಮೀನು ಕೊಳ್ಳದಂತೆ ತಡೆದಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಅದು ಸಲೀಸು. ಆ ವರ್ಷದ ಕೊನೇ ಕೊಯ್ಲು ಮುಗಿಯೋದರೊಳಗೆ ಅವರ ಖಾತೆ ಆಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೇ ಜನ, ದೀಪಾವಳಿಗೆ ಸ್ವೀಟ್ ಕೊಡುತ್ತಾರೆ. ಅವರಿಗೆ ಒಂದು ಕೊಯ್ಲು, ನಮಗೆ ಇಪ್ಪತ್ತಾರು. ಕಚೇರಿಯ ಕೊಳಗ ಯಾವುದು ಸ್ವಾಮಿ?

ಸಭೆ ಕರೆಯಿರಿ. ಕಡತ ಹುಡುಕಿಸಿ ಮೇಜಿನ ಮೇಲೆ ಇಡಿಸಿ. ಕೊಡೋಕೆ ಬರಲ್ಲ ಅಂತಾದರೆ ಕಾರಣ ಬರೆದು ಸಹಿ ಹಾಕಿ ಕೊಡಿ, ಅದೂ ಸಾಕು. ಅಮ್ಮನಿಗೆ 84 ವರ್ಷ. ಹೌದೋ ಅಲ್ಲವೋ ಅನ್ನೋದು ಅವಳಿಗೆ ಗೊತ್ತಾಗಲಿ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಸಭೆ ಕರೆಯಿರಿ.

ದಿನ ಗೊತ್ತಾದರೆ ಮುಂಚೆಯೇ ತಿಳಿಸಿ. ನಮ್ಮೂರಿನಿಂದ ಬೆಳಿಗ್ಗೆ ಬಸ್ಸು ಒಂದೇ ಇರೋದು.

ಇಂತಿ,
ಫಾರಂ 53ರ ಅರ್ಜಿದಾರನ ಮಗ